ಎಣ್ಣೆಗೂ ಇಂಧನಕ್ಕೂ ನಡುವೆ ಮಣ್ಣಿನ ಮಧ್ಯಸ್ಥಿಕೆ

ಸಸ್ಯತೈಲವನ್ನು ಜೈವಿಕ ಡೀಸೆಲ್ಲಾಗಿ ಮಾರ್ಪಡಿಸುವ ಕಾರ್ಯದಲ್ಲಿ ಜೇಡಿಮಣ್ಣಿನ ವೇಗವರ್ಧಕಗಳು ಎಷ್ಟು ಮಾಡಬಲ್ಲವು? ಎಲ್ಲಿ ಸೋಲುತ್ತವೆ? ನಮ್ಮ ಹೊಂಗೆಯೆಣ್ಣೆಗೆ ಅವುಗಳಿಂದ ಏನು ಪ್ರಯೋಜನ?

ದೀಪಾವಳಿಗೆಂದು ಕೊಂಡ ಹೊಸ ಹಣತೆಗಳನ್ನು ಕೆಲವು ಗಂಟೆಗಳ ಕಾಲ ನೀರಿನಲ್ಲಿ ನೆನೆಯಿಟ್ಟು, ತೆಗೆದು ಒರಸಿದ ತರುವಾಯವೇ ಎಣ್ಣೆ ಹಾಕುವ ವಾಡಿಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ನೆನೆಯದ ಹಣತೆ ಬತ್ತಿಗೆ ಸಲ್ಲಬೇಕಾದ ಎಣ್ಣೆಯಲ್ಲಿ ಒಂದಷ್ಟನ್ನು ತಾನೇ ಕುಡಿದುಬಿಡುತ್ತದೆ; ನೆನೆದ ಹಣತೆಯ ಸೂಕ್ಷ್ಮರಂಧ್ರಗಳಲ್ಲಾದರೋ ನೀರು ಮೊದಲೇ ನೆಲೆನಿಂತಿರುವುದರಿಂದ ಎಣ್ಣೆಗೆ ಅಲ್ಲಿ ಅವಕಾಶವಿಲ್ಲ. ಮಣ್ಣು ಎಣ್ಣೆಯನ್ನು ಒಲ್ಲೆನ್ನದು, ಆದರೆ ನೀರು ದೊರೆತಾಗ ನೀರನ್ನೇ ಮೊದಲು ವರಿಸುವುದು ಎಂಬ ಈ ಗೃಹಿಣೀವಿದಿತವಾದ ಸತ್ಯವೇ, ಸಸ್ಯತೈಲವನ್ನು ಡೀಸೆಲ್ ಯಂತ್ರಕ್ಕೆ ಒಗ್ಗಿಸಬಲ್ಲ ವೇಗವರ್ಧಕವೊಂದನ್ನು ಜೇಡಿಮಣ್ಣಿನಿಂದ ನಿರ್ಮಿಸಲು ಹೆಣಗುತ್ತಿರುವ ರಸಾಯನಶಾಸ್ತ್ರಜ್ಞರಿಗೆ ಇಂದು ದೈನಂದಿನ ಸಮಸ್ಯೆಯಾಗಿ ಪರಿಣಮಿಸಿದೆ.

ಎಣ್ಣೆಗೂ ಮಣ್ಣಿಗೂ ಕೈಗಾರಿಕೆಯಲ್ಲಿ ಉಂಟಾದ ಸಹವಾಸ ಹೊಸತೇನೂ ಅಲ್ಲ. ಅಂಗಡಿಯ ರಿಫೈನ್ಡ್ ಎಣ್ಣೆಗೆ ಇರುವ ತಿಳಿಬಣ್ಣ, ಆಮ್ಲದಿಂದ ಸಂಸ್ಕರಿಸಿದ ಬೆಂಟೊನೈಟ್ ಜಾತಿಯ ಮಣ್ಣಿನೊಡನೆ ಅದನ್ನು ಕಾಯಿಸಿ ಸೋಸಿದುದರ ಫಲ. ಮುಖಕ್ಕೆ ಲೇಪಿಸಿಕೊಳ್ಳುವ ಮುಲ್ತಾನಿ ಮಿಟ್ಟಿ ಆ ಮಣ್ಣಿನ ಸಮೀಪದ ಬಂಧು. ಸೋಸಿದ ಮೇಲೆ ಉಳಿಯುವ ಹೊಲಸುಮಣ್ಣು ತನ್ನ ತೂಕದ ಐದನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಎಣ್ಣೆಯನ್ನು ಹಿಡಿದಿಟ್ಟುಕೊಂಡಿರುತ್ತದೆ; ಗಾಳಿಗೆ ತೆರೆದ ರಾಶಿಯಲ್ಲಿ ಬಿಟ್ಟರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವುದೂ ಉಂಟು. ಮಣ್ಣಿನ ಕಣಗಳ ಮೇಲೆ ತೆಳುವಾಗಿ ಹರಡಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಬಹು ಬೇಗ ಸಂಯೋಗಗೊಳ್ಳುವುದೇ ಇದಕ್ಕೆ ಕಾರಣ. ಮಣ್ಣನ್ನು ಜಡವೆಂದು ಬಗೆಯುವುದು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಎಣ್ಣೆ ಯಂತ್ರಕ್ಕೆ ಒಗ್ಗುವ ಬಗೆ

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆಟೊ ಕಂಪನಿಯವರು ಇರಿಸಿದ್ದ ಪುಟ್ಟ ಡೀಸೆಲ್ ಯಂತ್ರವೊಂದು ಫ್ರೆಂಚ್ ಸರ್ಕಾರದ ಅಪೇಕ್ಷೆಯಂತೆ ಕಡಲೆಕಾಯಿ ಎಣ್ಣೆಯಿಂದ ನಡೆಯಿತು. ಅದರ ಓಟದಲ್ಲಿ ಯಾವ ವ್ಯತ್ಯಾಸವೂ ತೋರದಿದ್ದುದರಿಂದ, ಒಳಗೆ ಉರಿಯುತ್ತಿದ್ದುದು ಕಡಲೆಕಾಯಿ ಎಣ್ಣೆಯೆಂಬುದು ನೆರೆದವರಲ್ಲಿ ಕೆಲವೇ ಮಂದಿಗೆ ತಿಳಿಯಿತೆಂದು ರುಡಾಲ್ಫ್ ಡೀಸೆಲ್ ತರುವಾಯ ನೆನೆದುಕೊಂಡಿದ್ದಾನೆ. ಅಂದಮೇಲೆ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿದರಾಗದೆ ಎಂದು ಯಾರಾದರೂ ಕೇಳಬಹುದು. ಕೇಳಿದವರೂ, ಮಾಡಿ ತೋರಿಸಿದವರೂ ನಮ್ಮಲ್ಲಿಯೇ ಉಂಟು: ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರ ಮುಂದಾಳುತನದಲ್ಲಿ ಕಗ್ಗನಹಳ್ಳಿಯಲ್ಲಿ ಹೊಂಗೆಯೆಣ್ಣೆಯಿಂದಲೇ ಡೀಸೆಲ್ ಜನರೇಟರುಗಳು ಓಡಿ, ಆ ವಿದ್ಯುತ್ತಿನಿಂದ ಹೊಲಗಳಿಗೆ ನೀರೆತ್ತಲಾಯಿತು. ನಿಂತಲ್ಲೇ ಒಂದೇ ವೇಗದಲ್ಲಿ ಓಡುವ ಯಂತ್ರಕ್ಕೆ ಇದು ಸಾಧ್ಯ. ಆದರೆ ಬಸ್ಸು ಲಾರಿಗಳ ಸೂಕ್ಷ್ಮವಾದ ಇಂಜೆಕ್ಟರುಗಳಿಗೆ ಎಣ್ಣೆಯ ಮಂದತೆಯೇ ಶತ್ರು. ಡೀಸೆಲ್ಲಿನ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 4.5 ಸೆಂಟಿಸ್ಟೋಕ್ಸ್ ಇದ್ದರೆ, ಸಸ್ಯತೈಲಗಳದು 30, 40ರ ಆಸುಪಾಸಿನದು. ಇಂತಹ ಮಂದದ್ರವ ನುಣ್ಣನೆಯ ತುಂತುರಾಗಿ ಒಡೆಯದೆ, ಅರೆಬೆಂದು, ಸಿಲಿಂಡರಿನಲ್ಲಿ ಮಸಿಯನ್ನೂ ಅಂಟನ್ನೂ ಉಳಿಸುತ್ತದೆ.

ಈ ಮಂದತೆಯ ಮೂಲ ಎಣ್ಣೆಯ ಅಣುವಿನ ರಚನೆಯಲ್ಲಿದೆ. ಗ್ಲಿಸರಿನ್ನಿನ ಒಂದು ಗೆಣ್ಣಿಗೆ ಕೊಬ್ಬಿನ ಆಮ್ಲದ ಮೂರು ನೀಳ ಸರಪಣಿಗಳು ತಗುಲಿಕೊಂಡ ಭಾರಿಯಾದ ಅಣು ಅದು. ಮೆಥನಾಲೆಂಬ ಹಗುರವಾದ ಮದ್ಯಸಾರವನ್ನು ಅದರೊಡನೆ ಕೂಡಿಸಿ, ಆ ಮೂರು ಸರಪಣಿಗಳೂ ಗ್ಲಿಸರಿನ್ನನ್ನು ತೊರೆದು ಒಂದೊಂದು ಮೆಥನಾಲಿಗೆ ಕೈಹಿಡಿಯುವಂತೆ ಮಾಡಿದರೆ, ಒಂದು ಭಾರಿ ಅಣುವಿನ ಸ್ಥಾನದಲ್ಲಿ ಮೂರು ಹಗುರ ಅಣುಗಳು ದೊರೆಯುತ್ತವೆ. ಅವೇ ಮೀಥೈಲ್ ಎಸ್ಟರುಗಳು, ವ್ಯವಹಾರದಲ್ಲಿ ಬಯೋಡೀಸೆಲ್. ಲೆಕ್ಕ ಅಚ್ಚುಕಟ್ಟಾಗಿದೆ: ಓಲಿಯಿಕ್ ಆಮ್ಲದಿಂದಾದ ಎಣ್ಣೆ 885 ಗ್ರಾಮು, ಮೆಥನಾಲ್ 96 ಗ್ರಾಮು ಕೂಡಿದರೆ, ಎಸ್ಟರು 889 ಗ್ರಾಮೂ ಗ್ಲಿಸರಿನ್ 92 ಗ್ರಾಮೂ ಬರುತ್ತವೆ. ಸ್ನಿಗ್ಧತೆ ನಾಲ್ಕೈದು ಸೆಂಟಿಸ್ಟೋಕ್ಸ್‌ಗೆ ಇಳಿಯುತ್ತದೆ. 1937ರಲ್ಲಿ ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ ಎಂಬಾತ ಈ ಮಾರ್ಗದಿಂದ ಎಣ್ಣೆಯನ್ನು ಇಂಧನವಾಗಿಸುವ ವಿಧಾನಕ್ಕೆ ಬೆಲ್ಜಿಯಂನಲ್ಲಿ ಪೇಟೆಂಟು ಪಡೆದ. ಮರುವರ್ಷ ತಾಳೆಯೆಣ್ಣೆಯ ಎಸ್ಟರಿನಿಂದ ನಡೆದ ಬಸ್ಸೊಂದು ಬ್ರಸೆಲ್ಸ್‌ನಿಂದ ಲುವೇನಿಗೆ ಪ್ರಯಾಣಿಕರನ್ನು ಸಾಗಿಸಿತು.

ಕ್ಷಾರದ ಉಪಕಾರ, ಕ್ಷಾರದ ಉಪದ್ರವ

ಎಣ್ಣೆಯನ್ನೂ ಮೆಥನಾಲನ್ನೂ ಒಂದೇ ಪಾತ್ರೆಯಲ್ಲಿ ಸುರಿದಮಾತ್ರಕ್ಕೆ ಈ ವಿನಿಮಯ ನಡೆಯದು. ಅವೆರಡೂ ಪರಸ್ಪರ ಬೆರೆಯದೆ ಬೇರೆ ಬೇರೆ ಪದರಗಳಾಗಿ ನಿಲ್ಲುತ್ತವೆ. ಬೆರೆಸಿದರೂ ಕ್ರಿಯೆ ಅತಿಮಂದ. ಮಧ್ಯಸ್ಥನೊಬ್ಬ ಬೇಕು. ಇಂದು ಬಹುಪಾಲು ಕಾರ್ಖಾನೆಗಳಲ್ಲಿ ಆ ಕೆಲಸಕ್ಕೆ ನಿಂತಿರುವುದು ಕಾಸ್ಟಿಕ್ ಸೋಡಾ, ಕಾಸ್ಟಿಕ್ ಪೊಟ್ಯಾಷ್‌ಗಳಂತಹ ತೀಕ್ಷ್ಣ ಕ್ಷಾರಗಳು ಅಥವಾ ಅವುಗಳ ನಿಕಟಬಂಧುಗಳು. ಎಣ್ಣೆಯ ತೂಕದ ನೂರನೆಯ ಒಂದು ಪಾಲು ಕ್ಷಾರವನ್ನು ಮೆಥನಾಲಿನಲ್ಲಿ ಕರಗಿಸಿ, ಲೆಕ್ಕಕ್ಕೆ ಬೇಕಾದುದರ ಇಮ್ಮಡಿ ಮೆಥನಾಲನ್ನು ಬಳಸಿ, 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿದರೆ ಕಾರ್ಯ ಮುಗಿಯುತ್ತದೆ. ವೇಗದಲ್ಲಿ, ಅಗ್ಗದಲ್ಲಿ, ಇಳುವರಿಯಲ್ಲಿ ಕ್ಷಾರಕ್ಕೆ ಸಮಾನವಾದ ಮಧ್ಯಸ್ಥ ಈವರೆಗೆ ದೊರೆತಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ.

ಉಪದ್ರವ ಆರಂಭವಾಗುವುದು ಕೆಲಸ ಮುಗಿದ ಮೇಲೆ. ಕರಗಿದ ಕ್ಷಾರ ಎಸ್ಟರಿನಲ್ಲಿಯೂ ಗ್ಲಿಸರಿನ್ನಿನಲ್ಲಿಯೂ ಹಂಚಿಹೋಗಿರುವುದರಿಂದ, ಅದನ್ನು ಆಮ್ಲದಿಂದ ಶಮನಗೊಳಿಸಿ, ಇಂಧನವನ್ನು ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು. ತೊಳೆದ ನೀರು, ಲೀಟರು ಇಂಧನಕ್ಕೆ ಲೀಟರಿನಷ್ಟೋ ಅದಕ್ಕೂ ಹೆಚ್ಚಾಗಿಯೋ, ಸಾಬೂನು, ಲವಣ, ಮೆಥನಾಲುಗಳಿಂದ ಕಲುಷಿತವಾಗಿ ಹೊರಬೀಳುತ್ತದೆ. ಮಾರಾಟಯೋಗ್ಯವಾಗಬೇಕಿದ್ದ ಗ್ಲಿಸರಿನ್ ಲವಣದಿಂದ ಕೆಟ್ಟು ಅಗ್ಗಕ್ಕೆ ಹೋಗುತ್ತದೆ. ಒಮ್ಮೆ ಹಾಕಿದ ಕ್ಷಾರ ಮರಳಿ ಕೈಗೆ ಬಾರದು. ಇನ್ನು ಎಣ್ಣೆ ಹಳತಾಗಿ ಅದರಲ್ಲಿ ಬಿಡಿಯಾದ ಕೊಬ್ಬಿನ ಆಮ್ಲ ಕೂಡಿಕೊಂಡಿದ್ದರಂತೂ, ಕ್ಷಾರ ವೇಗವರ್ಧಕವಾಗುವುದನ್ನು ಬಿಟ್ಟು ಆ ಆಮ್ಲದೊಡನೆ ಸೇರಿ ಸಾಬೂನಾಗುತ್ತದೆ. ಎಸ್ಟರು, ಗ್ಲಿಸರಿನ್‌ಗಳು ಪ್ರತ್ಯೇಕವಾಗದೆ ಪಾತ್ರೆಯ ತುಂಬ ಬಿಳಿಯ ಲೋಳೆ ನಿಲ್ಲುತ್ತದೆ. ಬಿಡಿ ಆಮ್ಲ ನೂರಕ್ಕೆ ಒಂದರ ಸುತ್ತಮುತ್ತ ಇರುವವರೆಗೆ ಕ್ಷಾರಮಾರ್ಗ ಸುಗಮ. ಅದನ್ನು ಬಹಳ ಮೀರಿದರೆ ದುರ್ಗಮ.

ಆದುದರಿಂದಲೇ, ಕ್ರಿಯೆಯಲ್ಲಿ ಭಾಗವಹಿಸಿಯೂ ದ್ರವದಲ್ಲಿ ಕರಗದೆ, ಕೊನೆಗೆ ಬಟ್ಟೆಯಲ್ಲಿ ಸೋಸಿ ತೆಗೆದು ಮುಂದಿನ ಪಾತ್ರೆಗೆ ಹಾಕಬಹುದಾದ ಘನ ವೇಗವರ್ಧಕಕ್ಕಾಗಿ ಶೋಧ ಹುಟ್ಟಿತು. ಸುಣ್ಣ, ಮೆಗ್ನೀಷಿಯ, ಅಲ್ಯೂಮಿನ, ಸತುವಿನ ಆಕ್ಸೈಡು, ಕಡೆಗೆ ಮೊಟ್ಟೆಯ ಚಿಪ್ಪು, ಮರದ ಬೂದಿಗಳವರೆಗೆ ಪರೀಕ್ಷೆಗೆ ಒಳಗಾದವು. ಅವುಗಳ ನಡುವೆ ಜೇಡಿಮಣ್ಣು ಗಮನ ಸೆಳೆದದ್ದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ, ತನ್ನ ಅಂತರಂಗದ ವಿನ್ಯಾಸದಿಂದ.

ಪದರಗಳ ಪ್ರಪಂಚ

ಧಾರವಾಡ, ಗದಗ, ವಿಜಯಪುರ, ರಾಯಚೂರುಗಳ ಎರೆಭೂಮಿಯನ್ನು ಬೇಸಗೆಯಲ್ಲಿ ನೋಡಿದವರಿಗೆ, ಕೈ ತೂರುವಷ್ಟು ಅಗಲವಾಗಿ ನೆಲ ಬಿರಿದಿರುವ ದೃಶ್ಯ ಪರಿಚಿತ. ಮಳೆಗಾಲ ಬಂದೊಡನೆ ಅದೇ ನೆಲ ಉಬ್ಬಿ ಬಿರುಕುಗಳೆಲ್ಲ ಮುಚ್ಚಿ, ಎತ್ತಿನ ಗಾಡಿಯ ಚಕ್ರ ಕೀಳಲಾರದಂತೆ ಅಂಟಿಕೊಳ್ಳುತ್ತದೆ. ಇದು ಆ ಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ವರ್ಗದ ಖನಿಜಗಳ ಚೇಷ್ಟೆ. ಬೆಂಟೊನೈಟೆಂದು ಗಣಿಗಳಿಂದ ಬರುವ ಮಣ್ಣಿನ ಮುಖ್ಯಾಂಶವೂ ಇದೇ. ನಮ್ಮ ದೇಶದಲ್ಲಿ ಕಚ್ಛ್ ಮತ್ತು ಬಾಡಮೇರ್ ಪ್ರಾಂತಗಳಲ್ಲಿ ಅದರ ಗಣಿಗಳಿವೆ.

ಆ ಖನಿಜದ ಕಣವೊಂದು, ವೀಳ್ಯದೆಲೆಯ ಕಟ್ಟಿನಂತೆ, ಒಂದರ ಮೇಲೊಂದು ಕುಳಿತ ಹಾಳೆಗಳ ಸಮೂಹ. ಹಾಳೆಗಳ ನಡುವೆ ಹಸಿಯೂ ಉಂಟು. ಒಂದೊಂದು ಹಾಳೆಯ ದಪ್ಪ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು, ಅಂದರೆ ಸುಮಾರು ಒಂದು ನ್ಯಾನೊಮೀಟರು. ಸಿಲಿಕಾದ ಎರಡು ಪದರಗಳ ನಡುವೆ ಅಲ್ಯೂಮಿನಿಯಮ್ಮಿನ ಒಂದು ಪದರ ಸಿಕ್ಕಿಕೊಂಡಿರುವುದು ಅದರ ರಚನೆ. ಅಲ್ಲಲ್ಲಿ ಅಲ್ಯೂಮಿನಿಯಮ್ಮಿನ ಸ್ಥಾನವನ್ನು ಮೆಗ್ನೀಷಿಯಂ ಆಕ್ರಮಿಸಿರುವುದರಿಂದ ಹಾಳೆಗೆ ಋಣವಿದ್ಯುದಂಶ ಒದಗಿ, ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂಗಳ ಧನ ಅಯಾನುಗಳು ನೀರಿನೊಡನೆ ಹಾಳೆಗಳ ನಡುವೆ ತಂಗುತ್ತವೆ. ಈ ಅತಿಥಿಗಳು ಸ್ಥಿರವಾಸಿಗಳಲ್ಲ. ಬೇರೊಂದು ಲವಣದ ದ್ರಾವಣದಲ್ಲಿ ಮಣ್ಣನ್ನು ಕಲಕಿದರೆ ಹಳಬರು ಹೊರಟು ಹೊಸಬರು ಬಂದು ಕೂರುತ್ತಾರೆ. ಗೋಡೆಗೆ ಬಳಿಯುವ ಬಿಳಿಯ ಶೇಡಿಯ ಕುಲಕ್ಕೆ ಸೇರಿದ ಕೆಯೊಲಿನ್ನಿನಲ್ಲಾದರೋ ಹಾಳೆಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಈ ಆತಿಥ್ಯ ಅತ್ಯಲ್ಪ.

ರಸಾಯನಜ್ಞ ಇಲ್ಲಿ ಎರಡು ದಾರಿಗಳನ್ನು ಕಂಡುಕೊಂಡ. ಮೊದಲನೆಯದರಲ್ಲಿ ಮಣ್ಣನ್ನು ತೀಕ್ಷ್ಣ ಆಮ್ಲದೊಡನೆ ಕಾಯಿಸಿ, ಹಾಳೆಗಳ ಅಂಚಿನಿಂದ ಅಲ್ಯೂಮಿನಿಯಂ, ಕಬ್ಬಿಣಗಳನ್ನು ಭಾಗಶಃ ಕರಗಿಸಿ ತೆಗೆದು, ರಂಧ್ರಮಯವೂ ಆಮ್ಲಗುಣವುಳ್ಳದ್ದೂ ಆದ ಪುಡಿಯನ್ನು ಪಡೆಯುತ್ತಾರೆ. ಕೆ-10 ಎಂಬ ಹೆಸರಿನಿಂದ ಮಾರಾಟವಾಗುವ ಇಂತಹ ಮಣ್ಣಿನ ಒಂದು ಗ್ರಾಮಿನಲ್ಲಿ 200 ಚದರ ಮೀಟರಿಗೂ ಮಿಗಿಲಾದ ಮೇಲ್ಮೈ ಅಡಗಿರುತ್ತದೆ. ಎರಡನೆಯದರಲ್ಲಿ ಮಣ್ಣು ಸ್ವತಃ ಕೆಲಸಗಾರನಲ್ಲ, ಕ್ಷಾರವನ್ನು ಹೊರುವ ಆಸರೆ ಮಾತ್ರ.

ಮೊದಲನೆಯ ದಾರಿಗೆ ಭವ್ಯವಾದ ಇತಿಹಾಸವಿದೆ. ಫ್ರೆಂಚ್ ಯಂತ್ರಶಿಲ್ಪಿ ಯೂಜೀನ್ ಹೂಡ್ರಿ, ಕಚ್ಚಾತೈಲದ ಭಾರಿ ಅಂಶಗಳನ್ನು ಒಡೆದು ಪೆಟ್ರೋಲು ಮಾಡಲು ಆಯ್ದುಕೊಂಡದ್ದು ಆಮ್ಲಸಂಸ್ಕಾರಗೊಂಡ ಈ ಜೇಡಿಮಣ್ಣನ್ನೇ. 1937ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಮಾರ್ಕಸ್ ಹುಕ್ ಎಂಬಲ್ಲಿ ಸನ್ ಆಯಿಲ್ ಕಂಪನಿ ಆ ವಿಧಾನದ ದೊಡ್ಡ ಸ್ಥಾವರವನ್ನು ನಡೆಸಲಾರಂಭಿಸಿತು; ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಬೇಕಾದ ಉತ್ತಮದರ್ಜೆಯ ಪೆಟ್ರೋಲು ಒದಗಿದ್ದರಲ್ಲಿ ಹೂಡ್ರಿಯ ವಿಧಾನದ ಪಾಲು ದೊಡ್ಡದು. ಮುಂದೆ ಕೃತಕ ಸಿಲಿಕ-ಅಲ್ಯೂಮಿನ, ತರುವಾಯ 1960ರ ದಶಕದಲ್ಲಿ ಜಿಯೋಲೈಟುಗಳು ಬಂದು ಜೇಡಿಮಣ್ಣನ್ನು ಆ ಪದವಿಯಿಂದ ಇಳಿಸಿದವು. ಜಿಯೋಲೈಟಿನ ರಂಧ್ರಗಳು ಒಂದು ನ್ಯಾನೊಮೀಟರಿಗೂ ಕಿರಿದು. ಪೆಟ್ರೋಲಿಯಂ ಅಣುಗಳಿಗೆ ಅವು ಸಾಕಾದರೂ, ಮೂರು ಸರಪಣಿಗಳನ್ನು ಎಳೆದುಕೊಂಡು ಬರುವ ಎಣ್ಣೆಯ ಅಣು ಆ ಬಾಗಿಲಲ್ಲಿ ನುಗ್ಗಲಾರದು. ಆಮ್ಲಸಂಸ್ಕಾರದಿಂದ ಅಗಲವಾದ ಮಣ್ಣಿನ ಕಂಡಿಗಳು ಎಣ್ಣೆಯ ವಿಷಯದಲ್ಲಿ ಮತ್ತೆ ಉಪಯುಕ್ತವಾಗಿ ಕಂಡದ್ದು ಈ ಕಾರಣದಿಂದ.

ಸುರಬಾಯದ ಒಂದು ಪ್ರಯೋಗ

ಎರಡನೆಯ ದಾರಿಗೆ ಒಳ್ಳೆಯ ನಿದರ್ಶನ ಇಂಡೋನೇಷ್ಯದ್ದು. ಜಗತ್ತಿನಲ್ಲಿ ಅತ್ಯಧಿಕವಾಗಿ ತಾಳೆಯೆಣ್ಣೆಯನ್ನು ಉತ್ಪಾದಿಸುವ ಆ ದೇಶ, 2020ರಲ್ಲಿ ಡೀಸೆಲ್ಲಿಗೆ ನೂರಕ್ಕೆ 30 ಪಾಲು ಜೈವಿಕ ಡೀಸೆಲ್ ಬೆರೆಸಬೇಕೆಂದು ವಿಧಿಸಿ, ತರುವಾಯ ಆ ಪ್ರಮಾಣವನ್ನು ಇನ್ನೂ ಏರಿಸಿತು. ಎಣ್ಣೆಯೂ ಬೆಂಟೊನೈಟೂ ಎರಡೂ ತನ್ನ ನೆಲದಲ್ಲಿಯೇ ಇರುವಾಗ ಅವೆರಡನ್ನೂ ಕೂಡಿಸುವ ಆಲೋಚನೆ ಅಲ್ಲಿ ಮೂಡಿದ್ದು ಸಹಜ. ಜಾವಾದ ಸುರಬಾಯ ನಗರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಟೊನೈಟಿನ ಮೇಲೆ ಕಾಸ್ಟಿಕ್ ಪೊಟ್ಯಾಷನ್ನು ಏರಿಸಿ, ಅದರಿಂದ ತಾಳೆಯೆಣ್ಣೆಯನ್ನು ಮಾರ್ಪಡಿಸಿದರು.

ಇಂತಹ ವೇಗವರ್ಧಕವನ್ನು ಸಿದ್ಧಪಡಿಸುವ ಕ್ರಮ ನೋಡಲು ಸರಳ. ಪುಡಿಮಾಡಿ ಜರಡಿಹಿಡಿದ ಮಣ್ಣನ್ನು ಕ್ಷಾರದ ದ್ರಾವಣದಲ್ಲಿ ಗಂಟೆಗಟ್ಟಲೆ ಕಲಕಿ, ನೀರನ್ನು ಇಂಗಿಸಿ, ಒಣಗಿದ ಹೆಂಟೆಯನ್ನು ಮತ್ತೆ ಅರೆದು, ನಾಲ್ಕೈದು ನೂರು ಡಿಗ್ರಿಯ ಕುಲುಮೆಯಲ್ಲಿ ಸುಡುತ್ತಾರೆ. ಸುಡುವಾಗ ಹಾಳೆಗಳ ನಡುವಣ ನೀರು ಹೊರಟುಹೋಗಿ, ಪೊಟ್ಯಾಸಿಯಮ್ಮಿನ ಒಂದಂಶ ಮಣ್ಣಿನ ಸಿಲಿಕ, ಅಲ್ಯೂಮಿನಗಳ ಮೇಲಿರುವ ಹೈಡ್ರಾಕ್ಸಿಲ್ ಗುಂಪುಗಳೊಡನೆ ಬೆಸೆದುಕೊಂಡು ಕ್ಷಾರಕೇಂದ್ರಗಳಾಗುತ್ತದೆ. ಮೆಥನಾಲು ಬಂದಾಗ ಆ ಕೇಂದ್ರಗಳು ಅದರಿಂದ ಒಂದು ಪ್ರೋಟಾನನ್ನು ಕಿತ್ತುಕೊಂಡು, ಉಳಿದ ಉಗ್ರವಾದ ಭಾಗವನ್ನು ಎಣ್ಣೆಯ ಅಣುವಿನ ಕೀಲಿನ ಮೇಲೆ ಬಿಡುತ್ತವೆ. ಕೀಲು ಸಡಿಲಿ ಸರಪಣಿ ಕಳಚುತ್ತದೆ. ಒಂದು ಪಾಲು ಪೊಟ್ಯಾಷ್ ಹಾಗೂ ನಾಲ್ಕು ಪಾಲು ಬೆಂಟೊನೈಟ್ ಸೇರಿಸಿ ಮಾಡಿದ ವೇಗವರ್ಧಕವನ್ನು ಎಣ್ಣೆಯ ನೂರಕ್ಕೆ 3ರಂತೆ ಹಾಕಿ, ಒಂದು ಅಣು ಎಣ್ಣೆಗೆ ಆರು ಅಣು ಮೆಥನಾಲಿನ ಲೆಕ್ಕದಲ್ಲಿ, 60 ಡಿಗ್ರಿಯಲ್ಲಿ ಮೂರು ಗಂಟೆ ನಡೆಸಿದಾಗ, ಸುರಬಾಯದವರಿಗೆ ನೂರಕ್ಕೆ ಸುಮಾರು 90.7ರ ಇಳುವರಿ ದೊರೆಯಿತು.

ಈ ಅಂಕಿಗಳನ್ನು ಮೆಚ್ಚಿ ಮುಂದೆ ಹೋಗುವ ಮುನ್ನ ಸಣ್ಣದೊಂದು ಗಣಿತ ಮಾಡುವುದು ಲೇಸು. ನೂರು ಕಿಲೋ ಎಣ್ಣೆಗೆ ಮೂರು ಕಿಲೋ ವೇಗವರ್ಧಕ. ಅದನ್ನು ಮಾಡಲು ಬಳಸಿದುದರಲ್ಲಿ ಐದನೆಯ ಒಂದು ಪಾಲು ಪೊಟ್ಯಾಷ್. ಎಂದರೆ ಪಾತ್ರೆಯೊಳಕ್ಕೆ ಮಣ್ಣಿನ ಬೆನ್ನಿನ ಮೇಲೆ ಕುಳಿತು ಹೋದ ಪೊಟ್ಯಾಷ್ ಸುಮಾರು 600 ಗ್ರಾಮು. ಮಣ್ಣೇ ಇಲ್ಲದೆ ನೇರವಾಗಿ ಕ್ಷಾರವನ್ನು ಕರಗಿಸುವವರು ನೂರು ಕಿಲೋ ಎಣ್ಣೆಗೆ ಬಳಸುವುದೂ ಅರ್ಧ ಕಿಲೋದಿಂದ ಒಂದು ಕಿಲೋ ತಾನೆ! ಹಾಗಾದರೆ ಆ ಪಾತ್ರೆಯಲ್ಲಿ ದುಡಿದದ್ದು ಮಣ್ಣಿಗೆ ಬೆಸೆದುಕೊಂಡ ಕ್ಷಾರವೋ, ಮಣ್ಣಿನಿಂದ ಜಾರಿ ಮೆಥನಾಲಿನಲ್ಲಿ ಕರಗಿಹೋದ ಕ್ಷಾರವೋ? ಇಳುವರಿಯ ಅಂಕಿಯೊಂದರಿಂದಲೇ ಇದಕ್ಕೆ ಉತ್ತರ ದೊರೆಯದು. ಸುರಬಾಯದ ಒಂದು ಅಧ್ಯಯನಕ್ಕೆ ಮಾತ್ರವಲ್ಲ, ಕ್ಷಾರವನ್ನು ಹೊರುವ ಮಣ್ಣುಗಳ ಇಡೀ ಕುಲಕ್ಕೇ ಕೇಳಬೇಕಾದ ಪ್ರಶ್ನೆ ಇದು.

ಸೋರಿಕೆಯೆಂಬ ಅಗ್ನಿಪರೀಕ್ಷೆ

ಉತ್ತರ ತಿಳಿಯುವ ಉಪಾಯ ಕಷ್ಟದ್ದಲ್ಲ. ಕ್ರಿಯೆ ಅರ್ಧ ನಡೆದಿರುವಾಗ ದ್ರವವನ್ನು ಬಿಸಿಯಾಗಿರುವಂತೆಯೇ ಸೋಸಿ, ಮಣ್ಣನ್ನು ಪೂರ್ತಿಯಾಗಿ ತೆಗೆದು, ಉಳಿದ ದ್ರವವನ್ನು ಅದೇ ಉಷ್ಣತೆಯಲ್ಲಿ ಕಲಕುತ್ತ ಇರಬೇಕು. ಕ್ರಿಯೆ ನಿಂತರೆ ಕೆಲಸ ಮಾಡುತ್ತಿದ್ದುದು ಘನವಸ್ತು; ನಿಲ್ಲದೆ ಮುಂದುವರಿದರೆ ಕ್ಷಾರ ಸೋರಿ ದ್ರವದಲ್ಲಿ ಸೇರಿಕೊಂಡಿದೆಯೆಂದು ಅರ್ಥ. ಪೊಟ್ಯಾಸಿಯಂ ಹೊತ್ತ ಆಸರೆಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ಸ್ವಲ್ಪವೋ ಬಹಳವೋ ತಪ್ಪಿತಸ್ಥರಾಗಿ ನಿಲ್ಲುತ್ತವೆ. ಒಂದೊಂದು ಸಲ ಮರುಬಳಕೆ ಮಾಡಿದಾಗಲೂ ಇಳುವರಿ ಮೆಟ್ಟಿಲಿಳಿಯುತ್ತ ಹೋಗುವುದು ಅದರ ಬಹಿರಂಗ ಲಕ್ಷಣ.

ಸೋರಿದರೆ ಏನು ನಷ್ಟವೆಂದು ಕೇಳುವವರಿಗೆ ಇಂಧನದ ಮಾನಕಗಳು ಉತ್ತರ ಹೇಳುತ್ತವೆ. ಇಎನ್ 14214 ಎಂಬ ಐರೋಪ್ಯ ಮಾನಕದ ಪ್ರಕಾರ ಒಂದು ಕಿಲೋ ಜೈವಿಕ ಡೀಸೆಲ್ಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂಗಳೆರಡೂ ಸೇರಿ 5 ಮಿಲಿಗ್ರಾಮನ್ನು ಮೀರಕೂಡದು. ಮೀರಿದರೆ ಇಂಜೆಕ್ಟರುಗಳಿಗೂ ಹೊಗೆಯನ್ನು ಶುದ್ಧಿಮಾಡುವ ಸಾಧನಗಳಿಗೂ ಹಾನಿ. ಮೇಲೆ ಹೇಳಿದ 600 ಗ್ರಾಮು ಪೊಟ್ಯಾಷಿನಲ್ಲಿರುವ ಪೊಟ್ಯಾಸಿಯಮ್ಮನ್ನು ನೂರು ಕಿಲೋ ಇಂಧನಕ್ಕೆ ಹಂಚಿದರೆ ಕಿಲೋವೊಂದಕ್ಕೆ ನಾಲ್ಕು ಸಾವಿರ ಮಿಲಿಗ್ರಾಮಿಗೂ ಮಿಗಿಲು. ಸೋರಿದುದರಲ್ಲಿ ಬಹುಭಾಗ ಗ್ಲಿಸರಿನ್ನಿನೊಡನೆ ಕೆಳಗಿಳಿಯುತ್ತದೆಂಬುದು ನಿಜ. ಆದರೂ ಎಂಟುನೂರರಲ್ಲಿ ಒಂದು ಪಾಲು ಮಾತ್ರ ಇಂಧನದಲ್ಲಿ ಉಳಿದರೆ ಸಾಕು, ಮಾನಕದ ಗೆರೆ ತಲುಪಿತು. ಗೆರೆ ದಾಟಿದ ಇಂಧನವನ್ನು ತೊಳೆಯಲೇಬೇಕು. ತೊಳೆಯುವುದನ್ನು ತಪ್ಪಿಸಲೆಂದು ಹುಟ್ಟಿದ ವೇಗವರ್ಧಕ ಮತ್ತೆ ತೊಳೆಯುವ ತೊಟ್ಟಿಗೇ ಕರೆದೊಯ್ದರೆ, ಮಣ್ಣನ್ನು ನಡುವೆ ತಂದುದರ ಸಾರ್ಥಕ್ಯವೇನು?

ಎರಡನೆಯ ಕಷ್ಟ ಹಣತೆಯ ಕಷ್ಟವೇ. ಕ್ರಿಯೆಯಲ್ಲಿ ಹುಟ್ಟುವ ಗ್ಲಿಸರಿನ್ ನೀರಿನ ಸ್ವಭಾವದ ದ್ರವ. ಹುಟ್ಟಿದೊಡನೆ ಅದು ಮಣ್ಣಿನ ಮೇಲ್ಮೈಗೆ ಅಂಟಿಕೊಂಡು ಕಂಡಿಗಳನ್ನು ತುಂಬಿ, ಮುಂದೆ ಬರುವ ಎಣ್ಣೆಯ ಅಣುಗಳಿಗೆ ದಾರಿ ಕಟ್ಟುತ್ತದೆ. ಎಣ್ಣೆಯೊಂದು ದ್ರವ, ಮೆಥನಾಲೊಂದು ದ್ರವ, ಮಣ್ಣೊಂದು ಘನ; ಒಂದರೊಡನೊಂದು ಬೆರೆಯದ ಈ ಮೂವರೂ ಒಂದೇ ತಾಣದಲ್ಲಿ ಸಂಧಿಸಿದಾಗ ಮಾತ್ರ ಕೆಲಸವಾಗುವುದರಿಂದ, ಘನ ವೇಗವರ್ಧಕಗಳಿಗೆ ಹೆಚ್ಚು ಕಾಲ, ಹೆಚ್ಚು ಕಲಕಾಟ, ಅನೇಕ ವೇಳೆ ಹೆಚ್ಚು ಮೆಥನಾಲು ಬೇಕಾಗುತ್ತದೆ. ಬಳಸಿದ ಮಣ್ಣನ್ನು ಮೆಥನಾಲಿನಲ್ಲಿ ತೊಳೆದು ಮತ್ತೆ ಸುಟ್ಟು ಚೇತರಿಸಬಹುದಾದರೂ ಅದಕ್ಕೆ ತಗಲುವ ಶಾಖ ಲೆಕ್ಕಕ್ಕೆ ಸೇರಬೇಕು. ಗಾಳಿಗೆ ತೆರೆದಿಟ್ಟರಂತೂ ಅದರ ಕ್ಷಾರಕೇಂದ್ರಗಳು ತೇವವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೀರಿ ಕಾರ್ಬೊನೇಟಾಗಿ ಮಂಕಾಗುತ್ತವೆ.

ಹೀಗೆಂದು ಘನ ವೇಗವರ್ಧಕವೆಂಬುದೇ ಕನಸೆಂದು ತಳ್ಳಿಹಾಕುವಂತಿಲ್ಲ. ಫ್ರಾನ್ಸಿನ ದಕ್ಷಿಣ ಕರಾವಳಿಯ ಸೆತ್ ಪಟ್ಟಣದಲ್ಲಿ 2006ರಿಂದ ವರ್ಷಕ್ಕೆ 1,60,000 ಟನ್ ಸಾಮರ್ಥ್ಯದ ಸ್ಥಾವರವೊಂದು ಸತುವು, ಅಲ್ಯೂಮಿನಿಯಂಗಳ ಮಿಶ್ರ ಆಕ್ಸೈಡಿನ ಮೇಲೆ ಎಣ್ಣೆಯನ್ನು ಹರಿಸಿ ಈ ಕೆಲಸವನ್ನು ಸಾಧಿಸಿತು. ತೊಳೆಯುವ ಗೊಡವೆಯಿಲ್ಲ, ಗ್ಲಿಸರಿನ್ನಿನ ಶುದ್ಧತೆ ನೂರಕ್ಕೆ 98ಕ್ಕೂ ಮೇಲು. ಆದರೆ ಅಲ್ಲಿ ಉಷ್ಣತೆ 60 ಡಿಗ್ರಿಯಲ್ಲ, 200ರ ಸಮೀಪ. ಒತ್ತಡವೋ ವಾಯುಮಂಡಲದ ಹತ್ತಾರು ಪಟ್ಟು. ಕರಗದೆ ಉಳಿಯುವ ಸಂಯಮಿಯಾದ ವೇಗವರ್ಧಕ ಮಂದಗತಿಯದಾದ್ದರಿಂದ ಶಾಖ, ಒತ್ತಡಗಳ ಬೆಲೆ ತೆತ್ತು ಅದನ್ನು ದುಡಿಸಬೇಕಾಯಿತು. ಹಳ್ಳಿಯ ಅಂಚಿನಲ್ಲಿ ನಿಲ್ಲಿಸಬಹುದಾದ ಸಣ್ಣ ಘಟಕಕ್ಕೆ ಇದು ಎಟುಕುವ ಮಾತಲ್ಲ.

ಹೊಂಗೆಗೆ ಹೊಂದುವ ಮಣ್ಣು

ಕರ್ನಾಟಕದ ಮಟ್ಟಿಗೆ ಈ ಚರ್ಚೆ ನಿಲ್ಲಬೇಕಾದುದು ಹೊಂಗೆಯ ನೆರಳಿನಲ್ಲಿ. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. 2009ರಲ್ಲಿ ರಾಜ್ಯಕ್ಕೆ ತನ್ನದೇ ಆದ ಜೈವಿಕ ಇಂಧನ ನೀತಿ ಬಂದಿತು. ಬದುಗಳಲ್ಲಿ, ಬರಡು ನೆಲದಲ್ಲಿ ಹೊಂಗೆ, ಹಿಪ್ಪೆ, ಬೇವು, ಸಿಮರೂಬಗಳನ್ನು ಬೆಳೆಸುವ ಯೋಜನೆಗಳು ನಡೆದವು. ಹೊಂಗೆಯದು ತಿನ್ನಲು ಬಾರದ ಎಣ್ಣೆಯಾದ್ದರಿಂದ ಅಡುಗೆಮನೆಯೊಡನೆ ಸ್ಪರ್ಧೆಯಿಲ್ಲ. ಗಾಣದಿಂದ ಬರುವ ಹಿಂಡಿ ಹೊಲಕ್ಕೆ ಗೊಬ್ಬರ. ಆದರೆ ಊರ ಮುಂದಿನ ಮರದಿಂದ ಉದುರಿದ ಕಾಯನ್ನು ಆಯ್ದು, ಒಣಗಿಸಿ, ಬಡಿದು, ಮೂಟೆ ಕಟ್ಟಿಟ್ಟು, ಬೆಲೆ ಬಂದಾಗ ಗಾಣಕ್ಕೆ ಒಯ್ಯುವಷ್ಟರಲ್ಲಿ ಬೀಜದೊಳಗಿನ ಎಣ್ಣೆ ತೇವದಿಂದ ಭಾಗಶಃ ಒಡೆದಿರುತ್ತದೆ. ಹೊಂಗೆಯೆಣ್ಣೆಯಲ್ಲಿ ಬಿಡಿ ಆಮ್ಲ ನೂರಕ್ಕೆ ಎರಡು ಮೂರರಿಂದ ಹಿಡಿದು, ಬೀಜ ಹಳೆಯದಾದರೆ ಹತ್ತನ್ನೂ ಮೀರುವುದುಂಟು. ಇಂತಹ ಎಣ್ಣೆಗೆ ನೇರವಾಗಿ ಕ್ಷಾರ ಹಾಕಿದರೆ ಸಾಬೂನು ಸಿದ್ಧ. ಆದಕಾರಣ ಮೊದಲು ಗಂಧಕಾಮ್ಲದ ನೆರವಿನಿಂದ ಆ ಬಿಡಿ ಆಮ್ಲವನ್ನೇ ಮೆಥನಾಲಿನೊಡನೆ ಕೂಡಿಸಿ ಎಸ್ಟರಾಗಿಸಿ, ತರುವಾಯ ಕ್ಷಾರದ ಘಟ್ಟಕ್ಕೆ ಹೋಗುವ ಎರಡು ಹಂತದ ಕ್ರಮ ರೂಢಿಯಲ್ಲಿದೆ. ಗಂಧಕಾಮ್ಲ ಪಾತ್ರೆಯನ್ನು ತಿನ್ನುತ್ತದೆ, ಕೈಯನ್ನು ಸುಡುತ್ತದೆ, ಮರಳಿ ದೊರೆಯುವುದಿಲ್ಲ. ಅದನ್ನು ಶಮನಗೊಳಿಸಲು ಮತ್ತಷ್ಟು ಕ್ಷಾರ ವ್ಯಯವಾಗುತ್ತದೆ.

ಜೇಡಿಮಣ್ಣಿಗೆ ತಕ್ಕ ಪೀಠ ಇದೇ, ಈ ಮೊದಲ ಹಂತವೇ, ಎಂಬುದು ನನ್ನ ಅಭಿಪ್ರಾಯ. ಆಮ್ಲಗುಣ ಮಣ್ಣಿಗೆ ಹೊರಗಿನಿಂದ ಹೊರಿಸಿದ ಹೊರೆಯಲ್ಲ, ಅದರ ರಚನೆಯಿಂದಲೇ ಮೂಡುವಂತಹುದು. ಆದ್ದರಿಂದ ಕ್ಷಾರದಷ್ಟು ಸುಲಭವಾಗಿ ಅದು ಸೋರದು. ಹಾಳೆಗಳ ನಡುವಣ ಸೋಡಿಯಮ್ಮನ್ನು ತೆಗೆದು ಅಲ್ಯೂಮಿನಿಯಂ ಅಯಾನನ್ನು ಕೂರಿಸಿದರೆ, ಗಾತ್ರದಲ್ಲಿ ಕಿರಿದೂ ವಿದ್ಯುದಂಶದಲ್ಲಿ ಹಿರಿದೂ ಆದ ಆ ಅಯಾನು ತನ್ನ ಸುತ್ತಲಿನ ನೀರಿನ ಅಣುಗಳನ್ನು ಎಳೆದು ಹಿಡಿದು, ಅವುಗಳಿಂದ ಪ್ರೋಟಾನು ಸಡಿಲುವಂತೆ ಮಾಡುತ್ತದೆ. ಗಂಧಕಾಮ್ಲದ ಕೆಲಸಕ್ಕೆ ಬೇಕಾದುದೂ ಪ್ರೋಟಾನೇ. ಈ ದಿಕ್ಕಿನ ವಿದ್ಯೆ ನಮ್ಮಲ್ಲಿ ಇಲ್ಲದಿಲ್ಲ. ಜೇಡಿಮಣ್ಣನ್ನು ವೇಗವರ್ಧಕವಾಗಿ ಬಳಸುವ ಕಲೆಯನ್ನು ಕುರಿತು ಜಿ. ನಾಗೇಂದ್ರಪ್ಪನವರು 2002ರಲ್ಲಿಯೇ ‘ರೆಸೊನೆನ್ಸ್’ ಪತ್ರಿಕೆಯಲ್ಲಿ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಬರೆದಿದ್ದರು. ಬೆಂಗಳೂರು ತಾಂತ್ರಿಕ ಮಹಾವಿದ್ಯಾಲಯವಾದ ಬಿ.ಐ.ಟಿ.ಯ ರಸಾಯನ ಸಂಶೋಧನ ಕೇಂದ್ರದಲ್ಲಿ ಅವರೂ ಬಿ.ಎಸ್. ಜೈಪ್ರಕಾಶರೂ ಅವರ ಸಂಗಡಿಗರೂ ಇಂತಹ ಅಯಾನುಗಳನ್ನು ಕೂರಿಸಿದ ಮಾಂಟ್‌ಮೊರಿಲೊನೈಟಿನ ಮೇಲೆ ಸಕ್ಸಿನಿಕ್ ಮೊದಲಾದ ಆಮ್ಲಗಳನ್ನು ಎಸ್ಟರಾಗಿ ಮಾರ್ಪಡಿಸಿದ ವರದಿ 2005ರಲ್ಲಿ ಪ್ರಕಟವಾಯಿತು. ಅದು ಎಣ್ಣೆಯನ್ನು ಕುರಿತ ಕೆಲಸವಲ್ಲ. ಆದರೆ ಹೊಂಗೆಯೆಣ್ಣೆಯ ಮೊದಲ ಹಂತದಲ್ಲಿ ನಡೆಯುವುದೂ ಜಾತಿಯಲ್ಲಿ ಅದೇ ಕ್ರಿಯೆ.

ಇಲ್ಲಿಯೂ ನೀರಿನ ಕಾಟ ತಪ್ಪದು. ಹತ್ತು ಕಿಲೋ ಬಿಡಿ ಆಮ್ಲ ಎಸ್ಟರಾದಾಗ ಸುಮಾರು 640 ಗ್ರಾಮು ನೀರು ಹುಟ್ಟಿ, ಮಣ್ಣಿನ ಆಮ್ಲಕೇಂದ್ರಗಳನ್ನು ಸುತ್ತುವರಿದು ಅವುಗಳ ಬಿರುಸನ್ನು ತಗ್ಗಿಸುತ್ತದೆ; ಮೆಥನಾಲನ್ನು ಆವಿಯಾಗಿಸಿ ಅದರೊಡನೆ ನೀರನ್ನು ಹೊರದೂಡುವ ಏರ್ಪಾಡು ಇಲ್ಲದಿದ್ದರೆ ಕ್ರಿಯೆ ನಡುದಾರಿಯಲ್ಲಿ ನಿಂತೀತು. ಗಂಧಕಾಮ್ಲಕ್ಕಿಂತ ಮಣ್ಣು ನಿಧಾನ. ಉಷ್ಣತೆಯೂ ಹೆಚ್ಚು ಬೇಕಾದೀತು. ಆದರೆ ಈ ಹಂತದ ಗುರಿ ಎಲ್ಲ ಎಣ್ಣೆಯನ್ನೂ ಮಾರ್ಪಡಿಸುವುದಲ್ಲ, ಬಿಡಿ ಆಮ್ಲವನ್ನು ನೂರಕ್ಕೆ ಒಂದರ ಮಟ್ಟಕ್ಕೆ ಇಳಿಸುವುದು ಮಾತ್ರ. ನಿಧಾನಿಯಾದ ಕೆಲಸಗಾರನಿಗೆ ಪರಿಮಿತವಾದ ಕೆಲಸ ಒಪ್ಪುತ್ತದೆ. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಲ್ಲಿಯೂ ಬಿಡಿ ಆಮ್ಲ ಅಧಿಕವಾಗಿರುವುದರಿಂದ ಇದೇ ಕ್ರಮ ಅದಕ್ಕೂ ಸಲ್ಲುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಕರಿದ ಎಣ್ಣೆಯ ಮರುಬಳಕೆಗೆ ಮಿತಿ ಹಾಕಿ, ಅದನ್ನು ಸಂಗ್ರಹಿಸಿ ಜೈವಿಕ ಡೀಸೆಲ್ಲಿಗೆ ಕಳುಹಿಸುವ ಯೋಜನೆಯನ್ನು ಆರಂಭಿಸಿದ ಮೇಲೆ ಅಂತಹ ಎಣ್ಣೆಗೆ ಒಂದು ದಾರಿ ತೆರೆದಿದೆ. ಅದೇ ವರ್ಷದ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ವೇಳೆಗೆ ಡೀಸೆಲ್ಲಿನಲ್ಲಿ ನೂರಕ್ಕೆ 5 ಪಾಲು ಜೈವಿಕ ಡೀಸೆಲ್ ಬೆರೆಸುವ ಗುರಿಯಿಟ್ಟಿತು. ಒಳ್ಳೆಯ ಎಣ್ಣೆ ಊಟಕ್ಕೇ ಸಾಲದ ದೇಶದಲ್ಲಿ ಆ ಗುರಿಯತ್ತ ಒಂದು ಹೆಜ್ಜೆಯಿಡಬೇಕಾದರೂ ಆಮ್ಲ ಮಿಕ್ಕ ಕೀಳು ಎಣ್ಣೆಗಳನ್ನೇ ನೆಚ್ಚಬೇಕು.

ಆದುದರಿಂದ ಜೇಡಿಮಣ್ಣಿನ ವೇಗವರ್ಧಕವೊಂದು ನೂರಕ್ಕೆ ತೊಂಬತ್ತೈದರ ಇಳುವರಿ ಕೊಟ್ಟಿತೆಂಬ ಸುದ್ದಿ ಬಂದಾಗ, ನಾವು ಸಂತೋಷಪಡುವ ಮುನ್ನ ವಿಚಾರಿಸಬೇಕಾದ ವಿಷಯಗಳು ಕೆಲವುಂಟು. ಬಳಸಿದ ಎಣ್ಣೆ ಅಂಗಡಿಯ ಶುದ್ಧ ಎಣ್ಣೆಯೋ, ಗಾಣದಿಂದ ಬಂದ ಹಳೆಯ ಬೀಜದ ಎಣ್ಣೆಯೋ? ಅದೇ ಮಣ್ಣು ಐದನೆಯ ಸಲ, ಹತ್ತನೆಯ ಸಲ ಎಷ್ಟು ಕೊಟ್ಟಿತು? ತೊಳೆಯದ ಇಂಧನದಲ್ಲಿ ಪೊಟ್ಯಾಸಿಯಂ ಎಷ್ಟಿತ್ತು? ಸುಟ್ಟು ಚೇತರಿಸಲು ತಗುಲಿದ ಸೌದೆಯ ಲೆಕ್ಕವನ್ನು ಹಿಡಿದಿದ್ದಾರೆಯೇ? ಮಣ್ಣು ಅಗ್ಗವೆಂಬುದು ಇಲ್ಲಿ ದೊಡ್ಡ ಲಾಭವಲ್ಲ, ಏಕೆಂದರೆ ಕಾಸ್ಟಿಕ್ ಪೊಟ್ಯಾಷೂ ಒಟ್ಟು ವೆಚ್ಚದಲ್ಲಿ ಸಣ್ಣ ಬಾಬತ್ತೇ, ಎಣ್ಣೆಯ ಬೆಲೆಯೇ ಮುಕ್ಕಾಲು ಪಾಲು. ಲಾಭವಿರುವುದು ಉಳಿದ ನೀರಿನಲ್ಲಿ, ಚೆಲ್ಲದ ಗಂಧಕಾಮ್ಲದಲ್ಲಿ, ಕೆಡದ ಗ್ಲಿಸರಿನ್ನಿನಲ್ಲಿ. ಈ ಮೂರನ್ನೂ ಅಳೆದು ತೋರಿಸಿದ ಮಣ್ಣಿಗೆ ಮಡೆನೂರಿನಂತಹ ಘಟಕಗಳು ಒಂದು ಪೀಪಾಯಿ ಹೊಂಗೆಯೆಣ್ಣೆಯನ್ನು ಧೈರ್ಯವಾಗಿ ಒಪ್ಪಿಸಬಹುದು. ಅಳೆಯದ ಮಣ್ಣು ಪ್ರಯೋಗಶಾಲೆಯಲ್ಲಿ ಇನ್ನಷ್ಟು ದಿನ ಇರುವುದೇ ಮೇಲು.